ಫೈಫಾಕ್ಸ್ ಆ್ಯಪ್: ಮೂರು ವರ್ಷ ತರಗತಿಯಲ್ಲಿ ಬಳಸಿದ ಮೇಲೆ

ಫೋನಿನ ಸೆನ್ಸರ್‌ಗಳನ್ನೇ ಪ್ರಯೋಗದ ಉಪಕರಣವಾಗಿಸುವ ಈ ಉಚಿತ ಆ್ಯಪನ್ನು ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದರು. ಒಳಗಿರುವ ಪ್ರಯೋಗಗಳ ಪಟ್ಟಿ ಉದ್ದವಿದೆ, ಅದನ್ನಿಲ್ಲಿ ಒಪ್ಪಿಸುವುದಿಲ್ಲ. ಪಾಠಕ್ಕೆ ಎಲ್ಲಕ್ಕಿಂತ ಹೆಚ್ಚು ಒದಗಿದ್ದೂ, ಶುರುವಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸಿದ್ದೂ ಅಕೌಸ್ಟಿಕ್ ಸ್ಟಾಪ್‌ವಾಚ್. ಒಂದು ಸದ್ದಿಗೆ ಓಡಲು ಶುರುಮಾಡಿ ಮುಂದಿನ ಸದ್ದಿಗೆ ನಿಲ್ಲುವ ಗಡಿಯಾರ ಅದು.

ಸಿಟ್ಟು ಬರಲು ಕಾರಣ ಗದ್ದಲ. ಬೆಂಚು ಎಳೆದರೆ ಓಡುತ್ತದೆ, ಯಾರಾದರೂ ಕೆಮ್ಮಿದರೆ ನಿಲ್ಲುತ್ತದೆ. ಎಷ್ಟು ಜೋರಿನ ಸದ್ದಿಗೆ ಗಡಿಯಾರ ಎಚ್ಚೆತ್ತುಕೊಳ್ಳಬೇಕು ಎಂದು ಹೇಳುವ ಥ್ರೆಶೋಲ್ಡ್ ಅಂಕಿಯನ್ನು ಕಣ್ಣಂದಾಜಿನಲ್ಲಿ ಏರಿಸಿದರೆ ಬೇಕಾದ ಸದ್ದೂ ಅದರ ಕಿವಿಗೆ ಬೀಳುವುದಿಲ್ಲ. ಅಂದಾಜು ಬೇಡ. ಸದ್ದನ್ನು ಅಲೆಯಾಗಿ ತೋರಿಸುವ, ಅದೇ ಆ್ಯಪಿನ ಆಡಿಯೋ ಸ್ಕೋಪ್ ತೆರೆದು, ಫ್ಯಾನ್ ತಿರುಗುತ್ತಿರುವಾಗ ಅಲೆ ಎಷ್ಟು ಎತ್ತರಕ್ಕೆ ಏಳುತ್ತದೆ ಎಂದು ನೋಡಿಕೊಳ್ಳಿ. 0.05ರವರೆಗೆ ಏಳುತ್ತಿದ್ದರೆ ಥ್ರೆಶೋಲ್ಡನ್ನು 0.1ರ ಸುಮಾರಿಗೆ ಇಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಒಂದು ಮೆಸೇಜ್ ಬಂದರೂ ಅಳತೆ ಕೆಟ್ಟಿತು.

ಈಗ ಮುಕ್ತ ಪತನ. ಮೇಜಿನ ಅಂಚಿನಿಂದ ಹೊರಚಾಚಿದ ಸ್ಕೇಲಿನ ತುದಿಯಲ್ಲಿ ಉಕ್ಕಿನ ಗುಂಡು, ಕೆಳಗೆ ಲೋಹದ ತಟ್ಟೆ. ಗುಂಡಿನ ತಳದಿಂದ ತಟ್ಟೆಗೆ ಸರಿಯಾಗಿ 1 ಮೀಟರ್. ಸ್ಕೇಲಿಗೆ ಪಕ್ಕದಿಂದ ಕೋಲಿನಲ್ಲಿ ಟಕ್ ಎಂದು ಹೊಡೆದರೆ ಸ್ಕೇಲು ಸರಿದು ಗುಂಡು ನೆಟ್ಟಗೆ ಬೀಳುತ್ತದೆ. ಬರಬೇಕಾದ ಕಾಲ 0.452 ಸೆಕೆಂಡ್. ಆದರೆ ಹೊಡೆದ ಸ್ಕೇಲು ಕಂಪಿಸುತ್ತಲೇ ಇರುವುದರಿಂದ ಗಡಿಯಾರ ಹಲವು ಸಲ 0.1 ಸೆಕೆಂಡಿಗೇ ನಿಂತುಬಿಡುತ್ತದೆ. ಅದಕ್ಕೆ ಮಿನಿಮಮ್ ಡಿಲೇ, ಅಂದರೆ ಶುರುವಾದ ಮೇಲೆ ಯಾವ ಸದ್ದಿಗೂ ನಿಲ್ಲದಿರಬೇಕಾದ ಹೊತ್ತು, 0.3 ಸೆಕೆಂಡ್ ಇಡಬೇಕು. ಎತ್ತರವನ್ನು 25 ಸೆಂಟಿಮೀಟರಿಗೆ ಇಳಿಸಿದಾಗ ಇದನ್ನೂ 0.15ಕ್ಕೆ ಇಳಿಸಲು ಮರೆಯಬೇಡಿ. ಆಗ ಪತನಕ್ಕೆ ಹಿಡಿಯುವುದೇ 0.226 ಸೆಕೆಂಡ್. ಡಿಲೇ 0.3ರಲ್ಲೇ ಉಳಿದರೆ ಗುಂಡು ಬಿದ್ದ ಸದ್ದನ್ನು ಬಿಟ್ಟು ಅದು ಪುಟಿದು ಬಿದ್ದ ಸದ್ದಿಗೆ ಗಡಿಯಾರ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿದರೂ ಈ ಕಾಲದಿಂದ ಲೆಕ್ಕಹಾಕಿದ ಗುರುತ್ವ ವೇಗೋತ್ಕರ್ಷ g ಬೆಲೆ 9.8ರ ಬದಲು ಪದೇ ಪದೇ 9.94ರ ಹತ್ತಿರ ಬರುತ್ತಿದ್ದರೆ ಆ್ಯಪನ್ನು ಬೈಯಬೇಡಿ, ಫೋನ್ ಎಲ್ಲಿದೆ ನೋಡಿ. ತಟ್ಟೆಯ ಪಕ್ಕ ನೆಲದ ಮೇಲಿದ್ದರೆ, ಹೊಡೆತದ ಸದ್ದು 1 ಮೀಟರ್ ಇಳಿದು ಬರಲು ಸುಮಾರು 3 ಮಿಲಿಸೆಕೆಂಡ್ ಬೇಕು. ಗಡಿಯಾರ ಅಷ್ಟು ತಡವಾಗಿ ಶುರುವಾಗುತ್ತದೆ, ಕಾಲ ಅಷ್ಟು ಕಡಿಮೆ ಬರುತ್ತದೆ. ಕುರ್ಚಿಯ ಮೇಲೆ, ಸ್ಕೇಲಿಗೂ ತಟ್ಟೆಗೂ ಸಮದೂರದಲ್ಲಿ ಇಟ್ಟರೆ ಆ ದೋಷ ಹೋಗುತ್ತದೆ. ಈ ಆ್ಯಪ್ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲಿ. ಕೈಯಲ್ಲಿ ಒತ್ತುವ ಸ್ಟಾಪ್‌ವಾಚಿನಲ್ಲಿ ಬೆರಳಿನ ತಡವೇ ಇದರ ಎಷ್ಟೋ ಪಟ್ಟು, ಮೂರು ಮಿಲಿಸೆಕೆಂಡ್ ಅದರಲ್ಲಿ ಕಾಣುವ ಮಾತೇ ಇಲ್ಲ. ಫೋನನ್ನು ನೆಲದಿಂದ ಕುರ್ಚಿಗೆ ಎತ್ತಿಟ್ಟಾಗ ಅಂಕಿ ಬದಲಾಗುವುದನ್ನು ಕಂಡ ಮಕ್ಕಳಿಗೆ ಶಬ್ದಕ್ಕೂ ವೇಗವಿದೆ ಎಂದು ಬೇರೆ ಹೇಳಬೇಕಿಲ್ಲ.

ಮೈಕ್ ಇಲ್ಲದ ಫೋನ್ ಇಲ್ಲವಾದ್ದರಿಂದ ಪರದೆ ಬಿರುಕು ಬಿಟ್ಟು ಮೂಲೆ ಸೇರಿದ ಹಳೇ ಫೋನೂ ಈ ಕೆಲಸಕ್ಕೆ ಸಾಕು. ಲೋಲಕದ ಪ್ರಯೋಗಕ್ಕೆ ಹಾಗಲ್ಲ, ತಿರುಗುವಿಕೆಯನ್ನು ಅಳೆಯುವ ಗೈರೋಸ್ಕೋಪ್ ಸೆನ್ಸರ್ ಬೇಕು. ಅಗ್ಗದ ಫೋನುಗಳಲ್ಲಿ ಹಲವಕ್ಕೆ ಅದಿಲ್ಲ. ಐಫೋನಿನಲ್ಲಿ ಬೆಳಕಿನ ಸೆನ್ಸರ್ ಈ ಆ್ಯಪಿಗೆ ಸಿಗುವುದಿಲ್ಲ.

ಏರೋಪ್ಲೇನ್ ಮೋಡಿನಲ್ಲೇ ವೈಫೈ ಮಾತ್ರ ಆನ್ ಮಾಡಿ, ರಿಮೋಟ್ ಆಕ್ಸೆಸ್ ಹಾಕಿ, ಆ್ಯಪ್ ತೋರಿಸುವ ವಿಳಾಸ ತೆರೆದರೆ ಗಡಿಯಾರ ಕಂಪ್ಯೂಟರಿನ ಬ್ರೌಸರಿನಲ್ಲೂ ಕಾಣುತ್ತದೆ, ಪ್ರೊಜೆಕ್ಟರಿನಲ್ಲಿ ಇಡೀ ತರಗತಿಗೆ ತೋರಿಸಬಹುದು. ಪುಟ ತೆರೆಯದಿದ್ದರೆ ಎರಡು ಕಾರಣ ನೋಡಿ: ಬ್ರೌಸರ್ ವಿಳಾಸದ ಮುಂದೆ ತಾನಾಗಿ ಎಚ್‌ಟಿಟಿಪಿಎಸ್ ಸೇರಿಸಿರಬಹುದು, ಅದನ್ನು ಎಚ್‌ಟಿಟಿಪಿ ಮಾಡಿ. ಇಲ್ಲವೇ ವೈಫೈ ಸಾಧನಗಳನ್ನು ಒಂದಕ್ಕೊಂದು ಮಾತಾಡಲು ಬಿಡುತ್ತಿಲ್ಲ. ಆಗ ಇನ್ನೊಂದು ಫೋನಿನ ಹಾಟ್‌ಸ್ಪಾಟಿಗೆ ಫೋನ್, ಕಂಪ್ಯೂಟರ್ ಎರಡನ್ನೂ ಸೇರಿಸಿ.

ಮುಂದಿನ ಹಂತ ಶಬ್ದದ ವೇಗವನ್ನೇ ಅಳೆಯುವುದು, ಅದಕ್ಕೆ ಎರಡು ಫೋನ್ ಬೇಕು. 5 ಮೀಟರ್ ಅಂತರದಲ್ಲಿಟ್ಟು, ಎರಡನ್ನೂ ಸೇರಿಸುವ ಗೆರೆಯ ಎರಡೂ ತುದಿಗಳಲ್ಲಿ ಒಬ್ಬೊಬ್ಬರು ನಿಂತು, ಒಬ್ಬರಾದ ಮೇಲೆ ಒಬ್ಬರು ಚಪ್ಪಾಳೆ ತಟ್ಟಬೇಕು. ಎರಡು ಗಡಿಯಾರಗಳ ವ್ಯತ್ಯಾಸ ಸುಮಾರು 29 ಮಿಲಿಸೆಕೆಂಡ್. ಎರಡೂ ಚಪ್ಪಾಳೆಗಳ ತಡ ಇದರಲ್ಲಿ ಸೇರುವುದರಿಂದ ದೂರದ ಇಮ್ಮಡಿಯಾದ 10 ಮೀಟರನ್ನು ಅದರಿಂದ ಭಾಗಿಸಿದರೆ ಶಬ್ದದ ವೇಗ. ಇಲ್ಲಿ 1 ಮಿಲಿಸೆಕೆಂಡ್ ತಪ್ಪಿದರೂ ಉತ್ತರ ಶೇ 3ಕ್ಕಿಂತ ಹೆಚ್ಚು ಜಾರುತ್ತದೆ. ಹಾಗಾಗಿ ಜಾಗವಿದ್ದರೆ ಅಂತರವನ್ನು 10 ಮೀಟರಿಗೆ ಏರಿಸಿ, ಪ್ರತಿಧ್ವನಿ ಕೊಡುವ ಕಾರಿಡಾರ್ ಬಿಟ್ಟು ಬಯಲಿಗೆ ಹೋಗಿ.