ಹ್ಯಾಂಬರ್ಗ್ ಊರಿನ ಹೆಂಗಸರು ಕಸೂತಿಯಲ್ಲಿ ಬರೆದ ಸಾವಿನ ಲೆಕ್ಕ

ಜೋಹಾನ್ಸ್‌ಬರ್ಗ್‌ನ ಕಾನ್‌ಸ್ಟಿಟ್ಯೂಷನ್ ಹಿಲ್‌ನಲ್ಲಿ 2022ರಲ್ಲಿ ಏರ್ಪಾಡಾಗಿದ್ದ ಕೀಸ್ಕಾಮಾ ಕಲಾ ಯೋಜನೆಯ ಪ್ರದರ್ಶನದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಒಂದೇ ಕೃತಿಯ ಮುಂದೆ. ಅದು 2005ರ ಕೀಸ್ಕಾಮಾ ಆಲ್ಟರ್‌ಪೀಸ್: ಚರ್ಚಿನ ಬಲಿಪೀಠದ ಹಿಂದೆ ನಿಲ್ಲಿಸುವ, ಬಾಗಿಲಿನಂತೆ ಪದರಪದರವಾಗಿ ತೆರೆದುಕೊಳ್ಳುವ ಫಲಕದ ರೂಪದಲ್ಲಿ, ಏಡ್ಸ್‌ನಿಂದ ಸತ್ತವರ ನೆನಪಿಗೆ ಮಾಡಿದ ಕಸೂತಿ. ಸುಮಾರು 13 ಅಡಿ ಎತ್ತರ, 22 ಅಡಿ ಅಗಲ. ದಕ್ಷಿಣ ಆಫ್ರಿಕದ ಈಸ್ಟರ್ನ್ ಕೇಪ್‌ನಲ್ಲಿ ಹ್ಯಾಂಬರ್ಗ್ ಎಂಬ ಕಡಲತೀರದ ಹಳ್ಳಿಯಿದೆ. ಅಲ್ಲಿನ ನೂರಕ್ಕೂ ಹೆಚ್ಚು ಮಂದಿ, ಬಹುಪಾಲು ಹೆಂಗಸರು, ಸೇರಿ ಮಾಡಿದ ಕೆಲಸವಿದು. ಅವರನ್ನು ಒಟ್ಟುಗೂಡಿಸಿದವರು ವೈದ್ಯೆಯೂ ಕಲಾವಿದೆಯೂ ಆದ ಕರೋಲ್ ಹಾಫ್‌ಮೇಯರ್.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಎಚ್‌ಐವಿ ಆಪ್ತಸಮಾಲೋಚಕಿಯಾಗಿದ್ದವಳು. ತಲೆಬುರುಡೆ ಬರೆದ ಭಿತ್ತಿಪತ್ರಗಳ ಕಾಲವನ್ನು ಕಂಡಿದ್ದೇನೆ. ಅವನ್ನು ನೋಡಿದ ಜನ ಪರೀಕ್ಷೆಗೆ ಬರುತ್ತಿರಲಿಲ್ಲ, ಮುಖ ಮರೆಸಿಕೊಂಡು ದಾಟಿಹೋಗುತ್ತಿದ್ದರು. ಈ ಬಟ್ಟೆ ಯಾರನ್ನೂ ಹೆದರಿಸುವುದಿಲ್ಲ.

ಇದಕ್ಕೆ ಮಾದರಿ ಜರ್ಮನ್ ಚಿತ್ರಕಾರ ಗ್ರೂನೆವಾಲ್ಡ್‌ನ ಐಸೆನ್‌ಹೈಮ್ ಫಲಕ. ಅರ್ಗಟ್ ಎಂಬ ಶಿಲೀಂಧ್ರ ಹತ್ತಿದ ಧಾನ್ಯ ತಿಂದು ಮೈಕೈ ಕೊಳೆತವರನ್ನು ಆರೈಕೆ ಮಾಡುತ್ತಿದ್ದ ಮಠಕ್ಕಾಗಿ, 500 ವರ್ಷಗಳ ಹಿಂದೆ ಬರೆದದ್ದು ಅದು. ಅಲ್ಲಿ ಶಿಲುಬೆಯ ಮೇಲೆ ಕ್ರಿಸ್ತನಿರುವ ಜಾಗದಲ್ಲಿ ಇಲ್ಲಿ ಕೋಸಾ ಜನಾಂಗದ ವಿಧವೆಯೊಬ್ಬಳು ನಿಂತಿದ್ದಾಳೆ. ಸಂತರ ಜಾಗದಲ್ಲಿ ಊರಿನ ಅಜ್ಜಿಯರು. ಕೆಳಗಿನ ಪಟ್ಟಿಯಲ್ಲಿ ಆ ಅಜ್ಜಿಯರಲ್ಲೊಬ್ಬರ ಮಗನ ಅಂತ್ಯಸಂಸ್ಕಾರ. ಹತ್ತಿರ ಹೋಗಿ ನೋಡಿ: ನಮ್ಮ ಕಡೆಯ ಕೌದಿಯ ಹಾಗೆ, ಒಬ್ಬೊಬ್ಬರ ಕೈಯ ಹೊಲಿಗೆ ಬೇರೆ ಬೇರೆಯೆಂದು ಗೊತ್ತಾಗುತ್ತದೆ. ಹೊಲಿದವರಿಗೆ ಸತ್ತವರ ಪರಿಚಯವಿತ್ತು.

ಮುಂದಿನ ಪದರದಲ್ಲಿ ಮರ, ಹಕ್ಕಿ, ದನಕರು, ಮೀನು, ಹಬ್ಬದ ಬಣ್ಣ. ಒಳಗಿನ ಕೊನೆಯ ಪದರದಲ್ಲಿ ಮೂವರು ಅಜ್ಜಿಯರು ಮೊಮ್ಮಕ್ಕಳೊಡನೆ ಇರುವ ಆಳೆತ್ತರದ ಛಾಯಾಚಿತ್ರಗಳು. ಕಸೂತಿಯಿಂದ ಛಾಯಾಚಿತ್ರಕ್ಕೆ ಬಂದಾಗ ಕಣ್ಣಿಗೆ ಸ್ವಲ್ಪ ಕಸಿವಿಸಿಯಾಯಿತು. ಕೈಕೆಲಸವೇ ಮುಂದುವರಿದಿದ್ದರೆ ನನಗೆ ಹೆಚ್ಚು ಹಿಡಿಸುತ್ತಿತ್ತು. ಆದರೆ ನಡುವಿನ ತಲೆಮಾರು ಎಲ್ಲಿ ಎಂಬ ಪ್ರಶ್ನೆ ಅಲ್ಲಿ ತಾನಾಗಿಯೇ ಏಳುತ್ತದೆ.

ಆ ತಲೆಮಾರಿನ ಎಷ್ಟೋ ಮಂದಿ ಉಳಿಯಬಹುದಿತ್ತು, ನನಗೆ ಸಿಟ್ಟು ಬರುವುದು ಇದಕ್ಕೆ. ನಮ್ಮ ದೇಶದ ಸಿಪ್ಲಾ ಕಂಪನಿ 2001ರಲ್ಲೇ ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರ್‌ನಂತೆ ಮೂರು ಔಷಧಗಳ ಚಿಕಿತ್ಸೆಯನ್ನು ಕೊಡಲು ಮುಂದಾಗಿತ್ತು. ದಕ್ಷಿಣ ಆಫ್ರಿಕದ ಅಂದಿನ ಅಧ್ಯಕ್ಷ ಎಂಬೆಕಿಯ ಸರ್ಕಾರ ಮಾತ್ರ ಏಡ್ಸ್‌ಗೆ ಎಚ್‌ಐವಿ ವೈರಸ್ಸೇ ಕಾರಣವೆಂಬುದನ್ನೇ ಅನುಮಾನಿಸುತ್ತ ಕುಳಿತಿತ್ತು. ತಾಯಿಯಿಂದ ಮಗುವಿಗೆ ಸೋಂಕು ಹರಡುವುದನ್ನು ತಡೆಯುವ ನೆವಿರಾಪಿನ್ ಔಷಧವನ್ನು ಗರ್ಭಿಣಿಯರಿಗೆ ಕೊಡಿ ಎಂದು 2002ರಲ್ಲಿ ಸಂವಿಧಾನ ನ್ಯಾಯಾಲಯವೇ ಆದೇಶಿಸಬೇಕಾಯಿತು. ಆ ವಿಳಂಬಕ್ಕೆ 3.3 ಲಕ್ಷಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್ ಸಂಶೋಧಕರು ಅಂದಾಜಿಸಿದ್ದಾರೆ. ಆ ನ್ಯಾಯಾಲಯ ಈಗ ಇರುವುದು ಈ ಪ್ರದರ್ಶನ ನಡೆದ ಆವರಣದಲ್ಲೇ. ಕೃತಿ ನೋಡಿದವರು ಅಲ್ಲಿಗೂ ಹೋಗಿ ಬರಬೇಕು.

ಕೀಸ್ಕಾಮಾದ ಕೃತಿಗಳು ಎಲ್ಲಾದರೂ ಪ್ರದರ್ಶನಕ್ಕೆ ಬಂದರೆ ಅರ್ಧ ದಿನ ಬಿಡುವು ಮಾಡಿಕೊಂಡು ಹೋಗಿ. ಮಕ್ಕಳನ್ನೂ ಕರೆದೊಯ್ಯಬಹುದು, ಅವರ ಪ್ರಶ್ನೆಗಳಿಗೆ ಉತ್ತರಿಸುವ ಮನಸ್ಸಿದ್ದರೆ. ಆ ಹೆಂಗಸರ ಕಸೂತಿ ಮಾರಾಟಕ್ಕಿದ್ದರೆ ಚೌಕಾಸಿ ಮಾಡಬೇಡಿ; ಆ ಹಳ್ಳಿಯಲ್ಲಿ ಬೇರೆ ದುಡಿಮೆ ಕಡಿಮೆ.