ಅಮೆರಿಕದ ಆಂಪಿಗೆ ಬೆಂಗಳೂರಿನ ಕರೆಂಟ್: ಎಸ್.ಪಿ. ರೋಡಿನ ಒಂದು ವೈಂಡಿಂಗ್ ಅಂಗಡಿ

ನ್ಯೂಜೆರ್ಸಿ ಬಿಟ್ಟು ಜಯನಗರಕ್ಕೆ ವಾಪಸ್ ಬರುವಾಗ ಸೋಫಾ, ಟಿವಿ ಎಲ್ಲ ಅಲ್ಲೇ ಮಾರಿದೆವು. ಆಡಿಯೊ ಸೆಟ್ ಮಾತ್ರ ಹಡಗು ಹತ್ತಿ ಬಂತು. ಚಾನೆಲ್‌ಗೆ 200 ವ್ಯಾಟಿನ ಪವರ್ ಆಂಪ್ (ಆಂಪ್ಲಿಫೈಯರ್), ಸಿಡಿ ಪ್ಲೇಯರ್, ಡ್ಯಾಕ್ (ಡಿಜಿಟಲ್ ಸಂಗೀತವನ್ನು ಆಂಪಿಗೆ ಬೇಕಾದ ಸಿಗ್ನಲ್ ಮಾಡುವ ಪೆಟ್ಟಿಗೆ), ಎಲ್‌ಪಿ ಹಾಡಿಸುವ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್.

ಕೇಳಿದವರೆಲ್ಲ ಹೇಳಿದ್ದು ಒಂದೇ: ವೋಲ್ಟೇಜ್ ಇಳಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿಬಿಡಿ. ನನಗೆ ಮನಸ್ಸಾಗಲಿಲ್ಲ. ಈ ಆಂಪಿಗೆ 2 ಕೆವಿಎ ಸಾಮರ್ಥ್ಯದ್ದಾದರೂ ಬೇಕು. ಮನೆಯ ಹಾಲ್‌ನಲ್ಲಿ ಅದಕ್ಕೊಂದು ಜಾಗ, ಮೇಲೆ ಅದರದ್ದೇ ಗುಂಯ್ ಸದ್ದು. ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಆಟೋ ಟ್ರಾನ್ಸ್‌ಫಾರ್ಮರ್. ಅದರಲ್ಲಿ ಕರೆಂಟ್ ಬರುವ, ಹೋಗುವ ಎರಡೂ ಕಡೆಗೆ ಇರುವುದು ಒಂದೇ ವೈಂಡಿಂಗ್ (ತಂತಿ ಸುರುಳಿ). ಎರಡಕ್ಕೂ ಸೇರಿದ ಕೆಳಗಿನ ಭಾಗ ಎಲ್ಲಾದರೂ ಕಡಿದುಹೋದರೆ ಮೇನ್ಸ್‌ನ 230 ವೋಲ್ಟ್ ಸೀದಾ ಆಂಪಿಗೆ ನುಗ್ಗುತ್ತದೆ.

ಹಾಗಾಗಿ ಆಂಪನ್ನೇ 230ಕ್ಕೆ ಬದಲಿಸಿಕೊಳ್ಳಲು ಹುಡುಕಿದ್ದು ಎಲೆಕ್ಟ್ರಾನಿಕ್ಸ್ ಸಾಮಾನಿನ ಎಸ್.ಪಿ. ರೋಡಿನ ಪಕ್ಕದ ಗಲ್ಲಿಯ ಈ ಅಂಗಡಿ. ಬೋರ್ಡ್ ಇಲ್ಲ. ಟ್ರಾನ್ಸ್‌ಫಾರ್ಮರ್ ವೈಂಡಿಂಗ್ ಎಲ್ಲಿ ಅಂತ ಕೇಳಿದರೆ ಅಕ್ಕಪಕ್ಕದವರು ತೋರಿಸುತ್ತಾರೆ. ಕಾರು ನಿಲ್ಲಿಸುವ ಆಸೆ ಬಿಡಿ, ಆಟೋದಲ್ಲೇ ಹೋಗಿ.

ಯಜಮಾನರಿಗೆ ಅರವತ್ತು ದಾಟಿರಬಹುದು. ಮುಚ್ಚಳ ಬಿಚ್ಚುವ ಮೊದಲೇ ಕೇಳಿದರು, "ಸರ್ವಿಸ್ ಮ್ಯಾನ್ಯುಅಲ್ ಇದೆಯಾ ಮೇಡಂ?" ಆಗಲೇ ನನಗೆ ನಂಬಿಕೆ ಬಂತು. ಒಳಗೆ ದೊಡ್ಡ ಉದ್ದಿನ ವಡೆಯಂತೆ ಕೂತಿದ್ದ ಟೊರಾಯ್ಡಿಗೆ (ಉಂಗುರದಂಥ ಟ್ರಾನ್ಸ್‌ಫಾರ್ಮರ್) ಎರಡು ಪ್ರೈಮರಿ, ಅಂದರೆ ಮೇನ್ಸ್ ಕಡೆಯ ಸುರುಳಿ, ಒಂದೊಂದೂ 120 ವೋಲ್ಟಿನದು. ಅಮೆರಿಕಕ್ಕಾಗಿ ಅವನ್ನು ಪ್ಯಾರಲಲ್ ಆಗಿ, ಅಂದರೆ ಅಕ್ಕಪಕ್ಕ, ಜೋಡಿಸಿದ್ದರು. ಸೀರೀಸ್ ಮಾಡಿದರೆ, ಅಂದರೆ ಒಂದರ ಹಿಂದೆ ಒಂದು ಸೇರಿಸಿದರೆ, 240 ಆಗುತ್ತದೆ. ಕೆಲಸ ಅಷ್ಟೇ, ಆದರೆ ತಪ್ಪಿದರೆ ಕೆಟ್ಟದು. ಒಂದರ ತುದಿ ಇನ್ನೊಂದರ ಶುರುವಿಗೇ ಸೇರಬೇಕು. ಉಲ್ಟಾ ಆದರೆ ಎರಡೂ ಒಂದನ್ನೊಂದು ಕತ್ತರಿಸಿಕೊಂಡು ಶಾರ್ಟ್ ಆದ ಹಾಗೆಯೇ. "ವೈರಿನ ಬಣ್ಣ ನಂಬಬಾರದು," ಅಂದರು. ಮ್ಯಾನ್ಯುಅಲ್ ಇದ್ದರೂ ಕಡಿಮೆ ವೋಲ್ಟ್ ಕೊಟ್ಟು ಮೀಟರಿನಲ್ಲಿ ನೋಡಿಯೇ ಬೆಸುಗೆ ಹಾಕಿದರು. ಆಮೇಲೆ 10 ಆಂಪಿಯರ್ ಫ್ಯೂಸ್ ತೆಗೆದು 5ರ ಸ್ಲೋ-ಬ್ಲೋ (ಆನ್ ಮಾಡಿದ ಕ್ಷಣದ ಜೋರು ಕರೆಂಟಿಗೆ ಸುಡದ ಫ್ಯೂಸ್) ಹಾಕಿದರು. ವೋಲ್ಟೇಜ್ ಎರಡು ಪಟ್ಟಾದರೆ ಕರೆಂಟ್ ಅರ್ಧ, ಅಲ್ವಾ? ಎಷ್ಟೋ ಕಡೆ ಹಳೇ ಫ್ಯೂಸನ್ನೇ ಬಿಟ್ಟು ಕಳಿಸುತ್ತಾರಂತೆ.

ಸೀದಾ ಪ್ಲಗ್‌ಗೆ ಹಾಕಲಿಲ್ಲ. ಮೊದಲು ಸೀರೀಸ್ ಬಲ್ಬ್ (ಒಳಗೆ ಶಾರ್ಟ್ ಇದ್ದರೆ ಅದು ಉರಿದು ಕರೆಂಟ್ ತಡೆಯುತ್ತದೆ), ಆಮೇಲೆ ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ಡಿಮ್ಮರ್‌ಸ್ಟ್ಯಾಟಿನಲ್ಲಿ ಮೆಲ್ಲಗೆ ಏರಿಸಿದರು. ಒಳಗಿನ ಡಿಸಿ ವೋಲ್ಟೇಜ್ ಮ್ಯಾನ್ಯುಅಲ್‌ನಲ್ಲಿ ಇರುವುದಕ್ಕಿಂತ ಸ್ವಲ್ಪ ಕಡಿಮೆ ಬಂತು. 240ರ ವೈಂಡಿಂಗಿಗೆ 230 ಕೊಟ್ಟರೆ ಶೇಕಡಾ 4ರಷ್ಟು ಕಮ್ಮಿಯಾಗಲೇಬೇಕು. ಕಿವಿಗೆ ಗೊತ್ತಾಗುವುದಿಲ್ಲ. ಹಿಂದುಗಡೆ "230 ವೋಲ್ಟ್, 5 ಆಂಪಿಯರ್" ಅಂತ ಮಾರ್ಕರಿನಲ್ಲಿ ಬರೆದರು. ಅಕ್ಷರ ಚೆನ್ನಾಗಿಲ್ಲ, ಆದರೆ ಬರೆದರಲ್ಲ.

ಕೂಲಿ 1,500 ರೂಪಾಯಿ. ಸ್ಟೆಪ್-ಡೌನ್ ತಗೊಂಡಿದ್ದರೆ ಇದರ ಎಷ್ಟೋ ಪಟ್ಟು ಆಗುತ್ತಿತ್ತು.

ಸಿಡಿ ಪ್ಲೇಯರಿನ ಟ್ರಾನ್ಸ್‌ಫಾರ್ಮರಿಗೆ ಒಂದೇ ಪ್ರೈಮರಿ. ಹೊಸದಾಗಿ ವೈಂಡಿಂಗ್ ಮಾಡುತ್ತೇನೆ ಅಂತ ದುಡ್ಡು ಕೀಳಬಹುದಿತ್ತು. ಬದಲಿಗೆ ಲೇಬಲ್ ಓದಿದರು. 60 ಹರ್ಟ್ಸ್ ಅಂತಷ್ಟೇ ಇದ್ದರೆ ನಮ್ಮ 50ರಲ್ಲಿ ಕೋರ್ ಬಿಸಿಯಾಗುತ್ತದಂತೆ. ಇದರಲ್ಲಿ ಅದೃಷ್ಟಕ್ಕೆ 50/60 ಇತ್ತು. "20 ವ್ಯಾಟಿನ ಸಾಮಾನಿಗೆ ಸಣ್ಣ ಸ್ಟೆಪ್-ಡೌನ್ ಸಾಕು, ಐಸೊಲೇಶನ್ ಇರೋದು ತಗೊಳ್ಳಿ," ಅಂದರು, ಅಂದರೆ ಎರಡೂ ಕಡೆಗೆ ಬೇರೆ ಬೇರೆ ವೈಂಡಿಂಗ್ ಇರುವುದು. ಡ್ಯಾಕಿನ ಅಡಾಪ್ಟರ್ 100ರಿಂದ 240ರವರೆಗೆ ತಾನೇ ಹೊಂದಿಕೊಳ್ಳುತ್ತದೆ. ಪ್ಲಗ್ ಬದಲಿಸಿದರೆ ಆಯಿತು.

ಟರ್ನ್‌ಟೇಬಲ್ ಮಾತ್ರ ಅವರು ಮುಟ್ಟಲಿಲ್ಲ, ಸರಿಯೇ. ನನ್ನದರಲ್ಲಿರುವುದು ಸಿಂಕ್ರೊನಸ್ ಮೋಟರ್. ಅದು ವೋಲ್ಟೇಜ್ ನೋಡಿಕೊಂಡು ತಿರುಗುವುದಿಲ್ಲ, ಹರ್ಟ್ಸ್ ನೋಡಿಕೊಂಡು ತಿರುಗುತ್ತದೆ. 60ರ ಪುಲ್ಲಿ (ಮೋಟರಿನ ಮೇಲೆ ಬೆಲ್ಟ್ ಕೂರುವ ಚಕ್ರ) ಇಟ್ಟುಕೊಂಡು 50ರಲ್ಲಿ ಓಡಿಸಿದರೆ ನಿಮಿಷಕ್ಕೆ 33⅓ ಸುತ್ತು 27.8ಕ್ಕೆ ಇಳಿಯುತ್ತದೆ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ಶ್ರುತಿ ಮೂರು ಸ್ವರಸ್ಥಾನದಷ್ಟು ಕೆಳಗೆ! ಯಾವ ಸ್ಟೆಪ್-ಡೌನೂ ಇದನ್ನು ಸರಿ ಮಾಡಲಾರದು. ವೇಗ ಸರಿಯಾಗಲು 50 ಹರ್ಟ್ಸಿನ ಪುಲ್ಲಿ ಬೇಕು. ಕಂಪನಿಯ ಡೀಲರ್ ಮೂಲಕ ತರಿಸಿದೆ.

ಕೊರತೆ ಇಲ್ಲವೆಂದಲ್ಲ. ಬಿಲ್ ಕೊಡುವುದಿಲ್ಲ, ಗ್ಯಾರಂಟಿ ಬರೀ ಬಾಯಿಮಾತು. ಹೇಳಿದ ದಿನಕ್ಕೆ ಕೆಲಸ ಆಗುವುದಿಲ್ಲ, ಫೋನ್ ಎತ್ತುವುದು ಅವರ ಮನಸ್ಸು ಬಂದಾಗ. ಕಂಪನಿ ವಾರಂಟಿ ಇನ್ನೂ ಇದ್ದರೆ ಇಲ್ಲಿ ಬಿಚ್ಚಿಸಬೇಡಿ. ವಾರಂಟಿ ಮುಗಿದ ಸೆಟ್ ಆದರೆ ಐದಕ್ಕೆ ನಾಲ್ಕು ಸ್ಟಾರ್. ಹೋಗುವಾಗ ಸರ್ವಿಸ್ ಮ್ಯಾನ್ಯುಅಲ್ ಪ್ರಿಂಟ್ ತಗೊಂಡು ಹೋಗಿ, ಫೋನಿನಲ್ಲಿ ತೋರಿಸಿದರೆ ಕನ್ನಡಕ ಹುಡುಕುತ್ತಾ ಕೂರುತ್ತಾರೆ.