ಡೈಕ್ಲೋಫೆನಾಕ್ ಜೆಲ್: ಮಂಡಿನೋವಿಗೆ ಪರವಾಗಿಲ್ಲ, ಅಳತೆ ಸರಿಯಿದ್ದರೆ

ರೇಟಿಂಗ್: 5ಕ್ಕೆ 4 (ಮಂಡಿ, ಕೈಬೆರಳಿಗೆ). ಸೊಂಟಕ್ಕೆ 1.

"ಹಚ್ಚಿದರೂ ಏನೂ ಆಗಲಿಲ್ಲ" ಅನ್ನುವವರು ಮೊದಲು ಎಷ್ಟು ಹಚ್ಚಿದಿರಿ ಅಂತ ನೋಡಿಕೊಳ್ಳಿ. ಕಡಲೆಕಾಳಿನಷ್ಟು ಜೆಲ್ ಮಂಡಿಗೆ ಯಾವ ಮೂಲೆಗೂ ಸಾಲದು. ಬೇರೇನೂ ಬೆರೆಸದ 1% ಡೈಕ್ಲೋಫೆನಾಕ್ ಸೋಡಿಯಂ ಜೆಲ್‌ಗೆ ಅಮೆರಿಕದ ಲೇಬಲ್ ಹೇಳುವ ಪ್ರಮಾಣ ಹೀಗಿದೆ: ಮಂಡಿ ಅಥವಾ ಪಾದದ ಕೀಲಿಗೆ ಸಲಕ್ಕೆ 4 ಗ್ರಾಂ, ಬೆರಳು, ಮಣಿಕಟ್ಟು, ಮೊಣಕೈಗೆ 2 ಗ್ರಾಂ, ದಿನಕ್ಕೆ 4 ಸಲ. ಎಲ್ಲ ಕೀಲೂ ಸೇರಿ ದಿನಕ್ಕೆ 32 ಗ್ರಾಂ ದಾಟಬಾರದು. ಆ ಪ್ಯಾಕಿನಲ್ಲಿ ಬರುವ ಅಳತೆ ಕಾರ್ಡಿನಲ್ಲಿ 4 ಗ್ರಾಂ ಅಂದರೆ 4.5 ಇಂಚಿನ ಗೆರೆ. ನಮ್ಮ ಟ್ಯೂಬಿನ ಬಾಯಿ ಅಷ್ಟೇ ಅಗಲ ಇರಬೇಕೆಂದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಹಿಂಡುವ ಮುಂಚೆ, ಹಿಂಡಿದ ಮೇಲೆ ಟ್ಯೂಬ್ ತೂಗಿದರೆ ಒಂದೇ ಸಲಕ್ಕೆ ಕಣ್ಣಳತೆ ಸಿಕ್ಕಿಬಿಡುತ್ತದೆ. ಈ ಲೆಕ್ಕದಲ್ಲಿ 30 ಗ್ರಾಂ ಟ್ಯೂಬ್ ಒಂದು ಮಂಡಿಗೆ ಎರಡು ದಿನವೂ ಬಾರದು. ಜೇಬಿಗೆ ಭಾರ, ಅದಕ್ಕೇ ಒಂದು ಸ್ಟಾರ್ ಕಡಿಮೆ.

ಕೊಳ್ಳುವಾಗ ಹಿಂದಿನ ಸಣ್ಣ ಅಕ್ಷರ ಓದಿ. ನಮ್ಮಲ್ಲಿ ಸಿಗುವ ಅನೇಕ ಜೆಲ್‌ಗಳಲ್ಲಿ 1.16% ಡೈಕ್ಲೋಫೆನಾಕ್ ಡೈಇಥೈಲಮೈನ್ (1% ಸೋಡಿಯಂಗೆ ಸಮ) ಜೊತೆಗೆ 10% ಮೀಥೈಲ್ ಸ್ಯಾಲಿಸಿಲೇಟ್, 5% ಮೆಂಥಾಲ್, ಅಗಸೆ ಎಣ್ಣೆ ಇರುತ್ತವೆ. ಹಚ್ಚಿದ ಕೂಡಲೇ ತಣ್ಣಗೆ ಅನಿಸುವುದು ಮೆಂಥಾಲ್‌ನಿಂದ, ಉರಿಯೂತ ಇಳಿದದ್ದರಿಂದಲ್ಲ. ಮೇಲೆ ಹೇಳಿದ 4 ಗ್ರಾಂ ಲೆಕ್ಕ ಇಂಥ ಮಿಶ್ರಣಕ್ಕೆ ಅನ್ವಯಿಸದು, ಅದರ ಚೀಟಿಯಲ್ಲಿದ್ದಷ್ಟೇ ಹಚ್ಚಿ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ನುಂಗುವವರು ಈ ಮಿಶ್ರಣವನ್ನು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಸ್ಯಾಲಿಸಿಲೇಟ್ ಚರ್ಮದ ಮೂಲಕ ಒಳಸೇರಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ.

ಹಚ್ಚುವ ಕ್ರಮದಲ್ಲೂ ತಪ್ಪಾಗುವುದುಂಟು. ಜೆಲ್ ಮೇಲೆ ಬಿಸಿನೀರಿನ ಚೀಲ ಇಡುವುದು, ಕ್ರೇಪ್ ಬ್ಯಾಂಡೇಜ್ ಬಿಗಿಯುವುದು ಎರಡೂ ಬೇಡ. ಚರ್ಮ ಸುಡಬಹುದು, ಔಷಧಿ ಬೇಕಾದ್ದಕ್ಕಿಂತ ಹೆಚ್ಚು ಒಳಗೆ ಇಳಿಯುತ್ತದೆ. ಮಂಡಿಯ ಮುಂದೆ, ಹಿಂದೆ, ಅಕ್ಕಪಕ್ಕ ಎಲ್ಲ ಕಡೆ ಸವರಿ, 10 ನಿಮಿಷ ಬಿಟ್ಟು ಬಟ್ಟೆ ಹಾಕಿ, ಒಂದು ಗಂಟೆ ನೀರು ತಾಗಿಸಬೇಡಿ. ಬೆರಳಿನ ಕೀಲಿಗೆ ಹಚ್ಚಿದ್ದರೆ ಕೈ ತೊಳೆಯಲೂ ಒಂದು ಗಂಟೆ ಕಾಯಬೇಕು. ಅಡುಗೆ ಮಾಡುವವರಿಗೆ ಇದೇ ದೊಡ್ಡ ತೊಡಕು. ಜೆಲ್‌ನ ಪೂರ್ತಿ ಪರಿಣಾಮ ಕಾಣಲು 7 ದಿನ ಹಿಡಿಯಬಹುದು. 21 ದಿನ ದಾಟಿದರೆ ಡಾಕ್ಟರನ್ನು ಕೇಳಿಯೇ ಮುಂದುವರಿಸಿ.

ಇಷ್ಟೆಲ್ಲ ರಗಳೆ ಯಾಕೆ, ಮಾತ್ರೆ ನುಂಗಬಾರದೇ? ಒಂದು ಮಂಡಿಗೆ ದಿನಕ್ಕೆ 16 ಗ್ರಾಂ ಜೆಲ್ ಹಚ್ಚಿದರೂ ರಕ್ತಕ್ಕೆ ಸೇರುವ ಡೈಕ್ಲೋಫೆನಾಕ್, ಮಾತ್ರೆಯಿಂದ ಸೇರುವುದರ ಸುಮಾರು 6% ಮಾತ್ರ. ಹೊಟ್ಟೆ, ಕಿಡ್ನಿ, ಹೃದಯದ ತೊಂದರೆ ಇರುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಬಿಪಿಗೆ ಟೆಲ್ಮಿಸಾರ್ಟಾನ್, ಜೊತೆಗೆ ನೀರು ಇಳಿಸುವ ಮಾತ್ರೆ, ಅದರ ಮೇಲೆ ನೋವಿನ ಮಾತ್ರೆ: ಈ ಮೂರೂ ಸೇರಿದರೆ ಕಿಡ್ನಿಗೆ ಹೋಗುವ ರಕ್ತದ ಒತ್ತಡ ಕುಸಿಯುತ್ತದೆ, ವಾಂತಿ ಭೇದಿಯಾಗಿ ನೀರಿನಂಶ ಕಡಿಮೆಯಾದ ದಿನವಂತೂ ಇನ್ನೂ ಅಪಾಯ. ಜೊತೆಗೆ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ ಪ್ಯಾಂಟೊಪ್ರಜೋಲ್ ಜಠರವನ್ನು ಕಾಯುತ್ತದೆ, ಕಿಡ್ನಿಯನ್ನಲ್ಲ. ಜೆಲ್ ಹಚ್ಚುತ್ತಲೇ ಐಬುಪ್ರೊಫೆನ್ ಅಥವಾ ಅಸಿಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗುವುದೂ ಬೇಡ. ಅಸಿಕ್ಲೋಫೆನಾಕ್ ಕಾಂಬಿನೇಷನ್ ಮಾತ್ರೆಗಳಲ್ಲಿ ಬಹಳಷ್ಟು ಸಲ 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಅಡಗಿರುತ್ತದೆ. ಅದರ ಮೇಲೆ ಡೋಲೋ 650 (ಅದೂ ಪ್ಯಾರಾಸಿಟಮಾಲೇ) ನುಂಗಿದರೆ ಲಿವರ್‌ಗೆ ಎರಡೆರಡು ಲೆಕ್ಕ. ಮಲ ಡಾಂಬರಿನಂತೆ ಕಪ್ಪಾದರೆ, ಕಾಲು ಊದಿದರೆ, ಮೂತ್ರ ಕಡಿಮೆಯಾದರೆ ಔಷಧಿ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ. ಆಸ್ಪಿರಿನ್‌ಗೆ ಉಬ್ಬಸ, ದದ್ದು ಬರುವವರಿಗೆ ಜೆಲ್ ಕೂಡ ಬೇಡ. ಗರ್ಭಿಣಿಯರಿಗೆ 20 ವಾರ ದಾಟಿದ ಮೇಲೆ ಡಾಕ್ಟರು ಹೇಳದ ಹೊರತು ಬೇಡ.

ಉಳಿದ ಡೈಕ್ಲೋಫೆನಾಕ್ ಅನ್ನು ಕುಂಟುವ ಹಸುವಿಗೆ ಕೊಡುವ ಯೋಚನೆಯಂತೂ ಬಿಟ್ಟುಬಿಡಿ. ಔಷಧಿ ಇರುವ ದನದ ಹೆಣ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತವೆ. ಪಶುಗಳಿಗೆ ಇದನ್ನು ಭಾರತದಲ್ಲಿ 2006ರಲ್ಲೇ ನಿಷೇಧಿಸಿದ್ದಾರೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದು ಧಾಮ ಇರುವುದು ಅವುಗಳಲ್ಲಿ ಉಳಿದವನ್ನು ಕಾಯಲಿಕ್ಕೆ.

ಸೊಂಟಕ್ಕೆ 1 ಸ್ಟಾರ್ ಯಾಕೆಂದರೆ, ತೊಡೆಸಂದಿನ ಕೀಲು ಮಾಂಸಖಂಡದ ಅಡಿಯಲ್ಲಿ ಬಹಳ ಆಳದಲ್ಲಿದೆ. ಅಲ್ಲಿ, ಬೆನ್ನುಮೂಳೆಯಲ್ಲಿ, ಭುಜದಲ್ಲಿ ಈ ಜೆಲ್ ಬಳಸಲು ಆ ಅಮೆರಿಕದ ಲೇಬಲ್ ಹೇಳುವುದಿಲ್ಲ.